ಒಂದೇ ತತ್ತಿ

"ತತ್ತಿ ರೊಕ್ಕ ಜಮಾ ಆತಲ್ರಿ ಅಕ್ಕೋರ. ಮತ್ಯಾಕ ಮಾರಿ ಸಣ್ಣದ ಮಾಡ್ಕೊಂಡ ಕುಂತೀರಿ?"

ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ನನ್ನ ಹಿಂದಿನ ಬೆಂಚಿನಿಂದ ಬಂದ ಮಾತು. ಕೇಳಿದವಳು ಯಾವುದೋ ಅಂಗನವಾಡಿಯ ಸಹಾಯಕಿ. ಮಡಿಲಲ್ಲಿ ತತ್ತಿಯ ಟ್ರೇ ಇಟ್ಟುಕೊಂಡು ಕುಳಿತವರು ಅಲ್ಲಿನ ಟೀಚರ್.

"ಹೆಂಗ ಜಮಾ ಆತು ಅನ್ನೋದು ನಿನಗ ಗೊತ್ತೈತಲ್ಲ, ಹನಮಂತವ್ವ."

"ಮೊದಲ ನಾವ ತಂದು ತಿನಿಸಬೇಕು, ಫೋಟೋ ಕಳಿಸಬೇಕು, ಆಮ್ಯಾಲೆ ಸರಕಾರ ರೊಕ್ಕ ಕೊಡತೈತಿ. ನಮ್ಮ ಕೈಯಾಗ ರೊಕ್ಕನ ಇದ್ದಿದ್ದಿಲ್ಲ, ಅಂಗಡ್ಯಾಂವ ಉದ್ರಿ ಕೊಡಲಿಲ್ಲ. ಏನ ಮಾಡೂದಿತ್ತು?"

"ಅದಕ್ಕಂತ ಒಂದ ತತ್ತಿ ಕುದಿಸಿ, ಅದನ್ನ ಎಲ್ಲಾ ಹುಡುಗರ ಕೈಯಾಗ ಹಿಡಿಸಿ ಹಿಡಿಸಿ ಫೋಟೋ ಹೊಡದ್ವಿ."

"ಈಗ ಖರೇನ ಕೊಡಾಕತ್ತೀವಲ್ರಿ."

"ನಿನ್ನೆ ರೋಜಾಗ ಕೊಟ್ಟೆ. ಕೂಸು ತಿನ್ಲಿಲ್ಲ. ಎದಿ ಮುಂದ ಹಿಡಕೊಂಡು, ನನ್ನ ಮಾರಿ ನೋಡಿ ನಕ್ಕು, ಬಾಜೂ ಕುಂತ ನಂದೀಶಗ ಕೊಟ್ಟಬಿಡ್ತು."

"ಅಂವ ತಿಂದ್ನೇನ್ರಿ?"

"ಅಂವನೂ ನಕ್ಕ. ಮುಂದಿನ ಹುಡುಗಗ ಕೊಟ್ಟ."

ಶಿರಹಟ್ಟಿ ಬಸ್ ಬಂತು. ಹನಮಂತವ್ವ ಟ್ರೇಗೆ ಕೈ ಚಾಚಿದಳು. ಟೀಚರ್ ಕೊಡಲಿಲ್ಲ, ಎದೆಗೆ ಅವಚಿಕೊಂಡೇ ಬಸ್ ಹತ್ತಿದರು.