ಇಳಿಯುವಾಗ ಬಾಯಿಗೆ ಬಂದದ್ದು

ಟಾಂಪೆರೆ ನಗರದ ಟ್ರಾಮಿನಲ್ಲಿ ಪರರ ಮಾತಿಗೆ ಕಿವಿಗೊಡಬಾರದೆಂದು ಹಿಲ್ಕಾಗೆ ಗೊತ್ತಿತ್ತು. ಆದರೂ ಮುಂದಿನ ಸೀಟಿನ ತರುಣ ಓಸ್ಕು ಹೊಸ ಮನೋಚಿಕಿತ್ಸಕ, ಅವನ ಪಕ್ಕದ ಸಿರ್ಕಾ ಅವನ ಕೆಲಸದ ತಪ್ಪುಒಪ್ಪು ನೋಡಿ ತಿದ್ದುವ ಹಿರಿಯ ಚಿಕಿತ್ಸಕಿ ಎಂಬುದು ಒಂದೇ ನಿಲ್ದಾಣದೊಳಗೆ ತಿಳಿದುಹೋಯಿತು.

"ಚಿಕಿತ್ಸೆಗೆ ಒಬ್ರು ಬರ್ತಾರೆ ಸಿರ್ಕಾ, ಗಂಟೆಯೆಲ್ಲಾ ಬರೀ ಹಿಮದ ಮಾತು. ಎದ್ದು ಬಾಗಿಲು ಹಿಡಿದಾಗಲೇ ನಿಜ ಹೊರಗೆ ಬರೋದು!"

"ಟ್ರಾಮಲ್ಲಿದ್ದೀವಿ, ಹೆಸರು ಗಿಸರು ಹೇಳ್ಬೇಡ. ಆಗ ನೀನೇನಂತೀಯ?"

"ಹೊತ್ತಾಯ್ತು, ಮುಂದಿನ ವಾರ ನೋಡೋಣ ಅಂತೀನಿ. ಯಾಕೆ ಹಾಗ್ಮಾಡ್ತಾರೋ!"

"ಭಯ ಕಣಪ್ಪ."

"ನನ್ನ ನೋಡಿ ಭಯಾನಾ? ನಂಗಿನ್ನೂ ಮೀಸೇನೇ ಸರಿಯಾಗಿ ಬಂದಿಲ್ಲ!"

"ಸರಿ, ನಿನ್ನ ಕಥೆ ಹೇಳು. ಏನಾದ್ರೂ ಎಡವಟ್ಟು?"

"ಏನಿಲ್ಲ, ಎಲ್ಲಾ ಚೆನ್ನಾಗಿದೆ."

ಅವನ ನಿಲ್ದಾಣ ಬಂತು. ಓಸ್ಕು ಎದ್ದು ಹೋಗಿ, ಬಾಗಿಲ ಪಕ್ಕದ ಕಂಬ ಹಿಡಿದು ತಿರುಗಿದ.

"ಅಂದಹಾಗೆ, ಮೊನ್ನೆ ಚಿಕಿತ್ಸೆಗೆ ಬಂದ ಇನ್ನೊಬ್ಬರ ಮೇಲೆ ರೇಗಿಬಿಟ್ಟೆ. ಅವರು ಅಳ್ತಾ ಎದ್ದುಹೋದ್ರು. ಮತ್ತೆ ಬಂದೇ ಇಲ್ಲ."

ಸಿರ್ಕಾ ಕಂಬ ಹಿಡಿದಿದ್ದ ಅವನ ಕೈಯನ್ನೇ ನೋಡಿದಳು.

"ಹೊತ್ತಾಯ್ತು, ಮುಂದಿನ ವಾರ ನೋಡೋಣ ಅನ್ಲಾ?"

ಅವನ ಕಿವಿ ಕೆಂಪಾಯಿತು. "ಅನ್ಬೇಡಿ."

"ಹಾಗಾದ್ರೆ ಇಳಿ ಮಾರಾಯ, ನಾನೂ ಬಂದೆ. ಕಾಫಿ ನೀನೇ ಕೊಡಿಸ್ಬೇಕು."

ಇಬ್ಬರೂ ಇಳಿದರು.