ಎರಡು ಪೆಟ್ಟಿಗೆಗಳ ನಡುವೆ

ಶಿವಾಜಿನಗರದಲ್ಲಿ ಮಳೆ ಶುರುವಾದರೆ ಮೊದಲು ಓಡುವವರು ತಳ್ಳುಗಾಡಿಯವರು, ಆಮೇಲೆ ಗಿರಾಕಿಗಳು, ಕೊನೆಗೆ ಕರೆಂಟು. ಅವತ್ತು ಸಂಜೆ ಮೂರೂ ಒಟ್ಟಿಗೇ ಹೋದವು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಹಬೀಬ್ ಸೌಂಡ್ಸ್ ಅಂಗಡಿಯ ಮಹಡಿ ಕೋಣೆಯಲ್ಲಿ ಹಾಡು ಅರ್ಧಕ್ಕೇ ನಿಂತಿತು. ಅಲ್ಲಿದ್ದ ಇಬ್ಬರು ಗಿರಾಕಿಗಳು ಮಾತ್ರ ಎಲ್ಲಿಗೂ ಓಡುವಂತಿರಲಿಲ್ಲ.

ಒಬ್ಬಳು ರಾಜೇಶ್ವರಿ, ತುಂಬು ಬಸುರಿ. ಇನ್ನೊಬ್ಬ ಅವಳ ಗಂಡ ಈರೇಶ, ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವನು. ರಾಯಚೂರು ಕಡೆಯವರು, ಈಗ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯೊಂದರಲ್ಲಿ ಸಂಸಾರ. ಮನೆಗೊಂದು ಒಳ್ಳೆಯ ಆಂಪ್ಲಿಫೈಯರು, ಒಂದು ಜೊತೆ ಸ್ಪೀಕರು ತರಬೇಕೆಂಬುದು ಈರೇಶನ ಬಹಳ ದಿನದ ಆಸೆ. ರಾಜೇಶ್ವರಿಗೆ ಬೇಕಾಗಿದ್ದು ಅವಳ ತಾಯಿಯ ದನಿ.

ತಾಯಿ ಹುಸೇನಮ್ಮ ಹೋದ ವರ್ಷ ತೀರಿಕೊಂಡಿದ್ದಳು. ಪಕ್ಕದ ಮನೆಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಹಾಡಿದ ಒಂದು ಜೋಗುಳ ಈರೇಶನ ಫೋನಿನಲ್ಲಿ ಉಳಿದಿತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಜೋಗುಳ ಮಗುವಿನ ತಾಯಿಯ ಕಡೆಯ ಅಜ್ಜಿಯದೇ ಆಗಬೇಕು ಎಂಬುದು ಅವರ ಮನೆಯ ಪದ್ಧತಿ. ಅಜ್ಜಿ ಇಲ್ಲದಿದ್ದರೂ ಅಜ್ಜಿಯ ದನಿಯಾದರೂ ತೊಟ್ಟಿಲ ಹತ್ತಿರ ಇರಲಿ ಎಂದು ರಾಜೇಶ್ವರಿ ಹಟ ಹಿಡಿದಿದ್ದಳು. ಆದರೆ ಫೋನಿನಲ್ಲಿ ಕೇಳಿದರೆ ಅದು ಯಾರೋ ಹೆಂಗಸು ಡಬ್ಬಿಯೊಳಗೆ ಕೂತು ಹಾಡಿದಂತೆ ಬರುತ್ತಿತ್ತು.

ಈ ಅಂಗಡಿಗೆ ಬಂದದ್ದೂ ಅದಕ್ಕೇ. ಇಲ್ಲಿ ಹಳೆಯ ಪದ್ಧತಿಯೊಂದಿದೆ. ಗಿರಾಕಿ ತನ್ನ ಮನೆಯವರ ದನಿಯೊಂದನ್ನು ತರಬೇಕು, ಸ್ಪೀಕರ್ ಪೆಟ್ಟಿಗೆಗಳಿಗೆ ಬೆನ್ನು ಮಾಡಿ ಕೂರಬೇಕು. ಯಾವ ಸೆಟ್ಟು ಹಾಡುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಕಿವಿಗೆ ಯಾವುದು ಒಪ್ಪಿತೋ ಅದನ್ನು ಒಯ್ಯಬೇಕು. ಅಂಗಡಿಯ ಆಸಿಮ್ ಅವಳಿಗೆ ಎರಡು ಸೆಟ್ಟು ಕೇಳಿಸಿದ. ಒಂದು ನೀಲಿ ಲೈಟು ಮಿನುಗುವ ಹೊಸದು, ಇನ್ನೊಂದು ಮರದ ಪೆಟ್ಟಿಗೆಗಳ ಹಳೆಯದು. ಹೊಸದರಲ್ಲಿ ಎದೆ ಗುದ್ದುವ ಶಬ್ದದೊಳಗೆ ದನಿ ಮುಳುಗಿಹೋಯಿತು. ಹಳೆಯದರಲ್ಲಿ ದನಿ ಕೋಣೆಯ ತುಂಬ ಚೆದುರಿ, ಎಲ್ಲಿಂದ ಬರುತ್ತಿದೆ ಎಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಕೆಳಗೆ ಅಂಗಡಿಗೆ ನೀರು ನುಗ್ಗುತ್ತಿದೆಯೆಂದು ಆಸಿಮ್ ಇಳಿದು ಓಡಿದ.

"ಎರಡೂ ನಮ್ಮವ್ವನ ದನಿ ಅಲ್ರಿ," ಎಂದಳು ರಾಜೇಶ್ವರಿ. "ಮಷಿನ್ನಿಂದು ತಪ್ಪೋ, ಇಲ್ಲಾ ನಾನಽ ಅವ್ವನ ದನಿ ಮರ್ತುಬಿಟ್ಟೀನೋ, ತಿಳೀವಲ್ದು."

"ಮೊದಲ ಕೇಳಿಸಿದ್ದು ಚಲೋ ಐತಲ್ಲೇ," ಎಂದ ಈರೇಶ, ಸಮಾಧಾನ ಮಾಡುವವನಂತೆ. "ಜೋರು ಐತಿ."

ಮೂಲೆಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದ ನೂರುನ್ನೀಸಾ ತಲೆ ಎತ್ತಿದಳು. ಆಸಿಮ್‌ನ ತಾಯಿ, ತೀರಿಹೋದ ಹಬೀಬ್‌ನ ಹೆಂಡತಿ. ವಯಸ್ಸು ಎಪ್ಪತ್ತು ದಾಟಿದ್ದರೂ ಬಾಯಿ ಮಾತ್ರ ಇನ್ನೂ ಹರೆಯದ್ದು. ಬಂದಾಗಲೇ ಅವಳು ರಾಜೇಶ್ವರಿಯನ್ನು ಒಮ್ಮೆ ಗದರಿದ್ದಳು. ಆಂಪ್ಲಿಫೈಯರಿನ ಪಕ್ಕದ ಖಾಲಿ ಸ್ಟೂಲಿನ ಮೇಲೆ ಕೂರಲು ಹೋದರೆ, ಅದರ ಮೇಲೆ ಬೇಡ, ಇಲ್ಲಿ ಬಾ ಎಂದು ತನ್ನ ಎದುರಿಗೆ ಕೂರಿಸಿಕೊಂಡಿದ್ದಳು. ಹಾಗಾಗಿ ಈಗ ಗಂಡ ಹೆಂಡಿರ ಮುಖ ಅಜ್ಜಿಯ ಕಡೆಗಿತ್ತು, ಬೆನ್ನು ಪೆಟ್ಟಿಗೆಗಳ ಕಡೆಗಿತ್ತು.

"ಜೋರು ಅಂತೆ ಜೋರು," ಎಂದಳು ಅಜ್ಜಿ. "ಮಳೆ ನಿಲ್ಲಲ್ಲ, ನಿಮ್ಮ ಬೈಯಪ್ಪನಹಳ್ಳಿ ಕಡೆ ಟಿನ್ ಫ್ಯಾಕ್ಟರಿ ತನಕ ಒಂದು ಬಸ್ಸೂ ಅಲ್ಲಾಡಲ್ಲ. ಕೂತ್ಕೊಳ್ಳಿ ಇಬ್ರೂ. ಆ ಸ್ಟೂಲ್ ಮೇಲೆ ಯಾಕೆ ಕೂರ್ಬೇಡ ಅಂದೆ ಗೊತ್ತಾ? ಹೇಳ್ತೀನಿ. ಹೆದರ್ಕೊಳ್ಳೋದೇನಿಲ್ಲ... ನಾನು ಬದುಕಿದ್ದವರಿಗೇ ಹೆದರ್ಲಿಲ್ಲ, ಹೋದವರಿಗೆ ಯಾಕೆ ಹೆದರ್ಲಿ?"

ಕಿಟಕಿಯ ಹೊರಗೆ ಮಳೆ ತಗಡಿನ ಮೇಲೆ ಬಾರಿಸುತ್ತಿತ್ತು. ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಶುರುಮಾಡಿದಳು.

"ನಮ್ಮೆಜಮಾನ್ರು ಹಬೀಬ್ ಸಾಬ್ರು ಇದ್ರಲ್ಲ, ಅವರು ಕೂರ್ತಿದ್ದ ಸ್ಟೂಲು ಅದು. ಬೆಳಿಗ್ಗೆ ಕೂತ್ರೆ ಸಂಜೆವರೆಗೂ ಅದರ ಮೇಲೇ, ಊಟಕ್ಕೆ ಕರೆದ್ರೂ ಹಾಂ ಬಂದೆ ಅನ್ನೋದು, ಬರದೇ ಇರೋದು... ಅವರಿಗೆ ಒಂದು ಹುಚ್ಚು. ಗಿರಾಕಿ ಎರಡು ಸೆಟ್ಟು ಕೇಳ್ತಾನಲ್ಲ, ಎರಡೂ ಒಂದೇ ಸಮ ಕೇಳಿಸ್ಬೇಕು. ಒಂದು ಕೂದಲೆಳೆ ಹೆಚ್ಚಾಗ್ಬಾರ್ದು, ಒಂದು ಕೂದಲೆಳೆ ಕಮ್ಮಿಯಾಗ್ಬಾರ್ದು. ಯಾಕೆ ಗೊತ್ತಾ? ಕಿವಿ ಅನ್ನೋದು ಭಾರಿ ಮಳ್ಳು, ಬೇಟಿ. ಎರಡರಲ್ಲಿ ಯಾವುದು ಚೂರು ಜೋರಾಗಿರುತ್ತೋ ಅದೇ ಚೆನ್ನಾಗಿದೆ ಅನ್ಸುತ್ತೆ ಅದಕ್ಕೆ. ನಿನ್ನ ಗಂಡನಿಗೆ ಈಗ ಅನ್ನಿಸ್ತಲ್ಲ, ಹಂಗೆ. ಅದಕ್ಕೇ ಅವರು ಜೋರಾಗಿರೋದರ ವಾಲ್ಯೂಮ್ ತಿರುಗಣೆಗೆ ಬೆರಳು ಇಟ್ಟು... ಇಷ್ಟೇ ಇಷ್ಟು... ತಗ್ಗಿಸೋರು. ತಗ್ಗಿಸಿ, ಉಂಗುರದಲ್ಲಿ ಟೇಬಲ್ ಮೇಲೆ ಟಕ್ ಅಂತ ಒಂದು ಕುಟ್ಟು. ಅಂದ್ರೆ ಈಗ ಸರಿಯಾಯ್ತು, ಕೇಳು ಅಂತ.

"ಒಂದಿನ ಸಂಜೆ ನಾನು ಚಾಯ್ ತಗೊಂಡು ಮೇಲೆ ಬಂದೆ. ಹಾಡು ನಡೀತಾನೇ ಇತ್ತು. ಅವರು ಸ್ಟೂಲ್ ಮೇಲೆ ಗೋಡೆಗೆ ಒರಗಿ ಕೂತಿದ್ರು, ಕಣ್ಣು ಮುಚ್ಚಿದ್ರು. ಯಾವಾಗ್ಲೂ ಹಂಗೇ ಕೂರ್ತಿದ್ರಲ್ಲ... ನಾನು ಚಾಯ್ ಆರುತ್ತೆ ರೀ ಅಂತ ಎಷ್ಟು ಹೊತ್ತು ಬೈದೆನೋ. ಅವರಾಗ್ಲೇ ಹೋಗಿಬಿಟ್ಟಿದ್ರು."

ರಾಜೇಶ್ವರಿಗೆ ಬೆನ್ನ ಹಿಂದಿನ ಸ್ಟೂಲಿನ ನೆನಪಾಗಿ ಹೆಗಲು ಬಿಗಿಯಿತು. ತಿರುಗಿ ನೋಡಬೇಕೆನಿಸಿದರೂ ನೋಡಲಿಲ್ಲ.

"ನಲವತ್ತನೇ ದಿನದ ಫಾತಿಹಾ ಆಯ್ತು, ಆಸಿಮ್ ಅಂಗಡಿ ತೆಗೆದ. ಅವನು ಈ ಕಾಲದವನು. ಹೊಸಾ ಮಾಲು ತಂದ, ಲೈಟು ಗೀಟು ಎಲ್ಲಾ. ಹೊಸದು ಬೇಗ ಹೋಗ್ಲಿ ಅಂತ ಅದನ್ನ ಚೂರು ಜೋರಿಗೆ ಇಡೋದು, ಹಳೇದನ್ನ ಚೂರು ಮೆಲ್ಲಗೆ ಇಡೋದು. ವ್ಯಾಪಾರ ಅಲ್ವಾ? ಆದ್ರೆ ಏನಾಯ್ತು ಅಂತೀಯಾ... ಗಿರಾಕಿ ಕೂರ್ತಾನೆ, ಆಸಿಮ್ ಹಾಡು ಹಾಕ್ತಾನೆ, ನೋಡಿದ್ರೆ ಜೋರಿದ್ದ ತಿರುಗಣೆ ಇಳಿದಿರುತ್ತೆ. ಇವನು ಏರಿಸ್ತಾನೆ. ಆ ಕಡೆ ತಿರುಗಿ ಈ ಕಡೆ ಬರೋಷ್ಟರಲ್ಲಿ ಮತ್ತೆ ಇಳಿದಿರುತ್ತೆ. ಲೂಸಾಗಿದೆ ಅಂತ ರಿಪೇರಿ ಲತೀಫ್‌ನ ಕರೆಸ್ದ. ಲತೀಫ್ ಬಿಚ್ಚಿ ನೋಡಿ, ಲೂಸಾ, ತಿರುಗಿಸಿದ್ರೆ ನನ್ನ ಬೆರಳೇ ನೋಯುತ್ತೆ ಅಂದ. ಆಸಿಮ್‌ಗೆ ಸಿಟ್ಟು ಬಂತು. ತಿರುಗಣೆ ಅಲ್ಲಾಡದ ಹಾಗೆ ಮೇಲೆ ಟೇಪ್ ಅಂಟಿಸಿ ಬೀಗ ಹಾಕ್ಕೊಂಡು ಹೋದ. ಬೆಳಿಗ್ಗೆ ಬಂದು ನೋಡಿದ್ರೆ ಟೇಪು ಟೇಬಲ್ ಅಂಚಿಗೆ ನೀಟಾಗಿ ಅಂಟ್ಕೊಂಡಿದೆ, ಒಂದು ಸುಕ್ಕಿಲ್ಲ. ಟೇಪ್ ದಂಡ ಮಾಡ್ತಿರ್ಲಿಲ್ಲ ಕಣಮ್ಮ ಅವರು. ಕಿತ್ತಿದ್ದನ್ನ ಯಾವಾಗ್ಲೂ ಅಲ್ಲೇ ಅಂಟಿಸಿಡೋರು, ಮತ್ತೆ ಬೇಕಾಗುತ್ತೆ ಅಂತ."

ಅಜ್ಜಿಯ ಕಣ್ಣು ರಾಜೇಶ್ವರಿಯ ಹೆಗಲಾಚೆಗೆ ಒಮ್ಮೆ ಹೋಗಿ ಬಂತು. ತುಟಿಯ ತುದಿಯಲ್ಲಿ ಸಣ್ಣ ನಗುವೊಂದು ಸುಳಿಯಿತು.

"ನನಗೆ ಹೆದರಿಕೆ ಬರ್ಲಿಲ್ಲ, ರೇಗಿಹೋಯ್ತು. ಮೇಲೆ ಬಂದು ಆ ಸ್ಟೂಲ್ ಮುಂದೆ ನಿಂತು ಚೆನ್ನಾಗಿ ಬೈದೆ. ಅಲ್ರೀ, ಬದುಕಿದ್ದಾಗ ಮನೆಗೆ ಬರ್ಲಿಲ್ಲ, ಸತ್ತ ಮೇಲೂ ಅಂಗಡೀಲೇ ಇರ್ತೀರಾ, ನಾನೇನು ಪಾಪ ಮಾಡಿದ್ದೆ, ಒಂದಿನ ನನ್ನ ಹತ್ರ ಬರ್ಬಾರ್ದಾ ಅಂತ. ಬೈದು ಬೈದು ಸಾಕಾಯ್ತು... ಆಮೇಲೆ ಅವರ ಕ್ಯಾಸೆಟ್ ಹಾಕಿದೆ. ಪೆಟ್ಟಿಗೆ ಪರೀಕ್ಷೆ ಮಾಡೋಕೆ ತಮ್ಮ ದನೀನೇ ತುಂಬಿಸಿಟ್ಟಿದ್ರು ಅವರು. ಹಲೋ ಹಲೋ, ಒನ್ ಟೂ ತ್ರೀ, ನೂರೂ, ಚಾಯ್ ಆಯ್ತಾ... ಅದೇ ಮತ್ತೆ ಮತ್ತೆ, ಅಷ್ಟೇ ಅದರಲ್ಲಿರೋದು. ಹಾಕಿದೆ. ಹಾಕಿ ಕೂತೆ. ಬೇಟಿ, ಅದು ಅವರ ದನಿಯಾಗಿರ್ಲಿಲ್ಲ. ಗೋಡೆಗೆಲ್ಲ ಹರಡ್ಕೊಂಡು, ಟೊಳ್ಳಾಗಿ, ಎಲ್ಲೂ ನಿಲ್ದೆ... ನನ್ನ ಎದೆ ಒಡೆದುಹೋಯ್ತು. ಇಷ್ಟು ಬೇಗ ಮರೆತ್ನಾ? ಇಷ್ಟು ವರ್ಷ ಜೊತೇಲಿ ಬಾಳಿ, ಆ ದನಿ ಯಾವುದು ಅಂತ ಗುರುತು ಸಿಗದಷ್ಟು ಕೆಟ್ಟವಳಾ ನಾನು? ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ."

ರಾಜೇಶ್ವರಿಯ ಕಣ್ಣು ತುಂಬಿತು. ತನ್ನ ಮನಸ್ಸಿನೊಳಗೆ ಇದ್ದದ್ದನ್ನೇ ಅಜ್ಜಿ ತೆಗೆದು ಹೇಳಿದ ಹಾಗಿತ್ತು.

"ಆಮೇಲೇನಾತ್ರಿ?" ಎಂದಳು.

"ಆಮೇಲೇನು, ಚಾಯ್ ಮಾಡೋಣ ಅಂತ ಕೆಳಗಿಳಿದೆ. ರೂಢಿ ನೋಡು, ಎರಡು ಲೋಟ ಮಾಡಿದೀನಿ. ಮೆಟ್ಟಿಲು ಹತ್ತಿ ಬರ್ತಿದ್ದೆ... ಅಷ್ಟರಲ್ಲಿ ಕೇಳಿಸ್ತು. ನೂರೂ, ಚಾಯ್ ಆಯ್ತಾ. ಎಲ್ಲಿಂದ ಅಂತೀಯಾ? ಎಡಗಡೆ ಪೆಟ್ಟಿಗೆಯಿಂದ ಅಲ್ಲ, ಬಲಗಡೆ ಪೆಟ್ಟಿಗೆಯಿಂದಾನೂ ಅಲ್ಲ. ಎರಡರ ನಡುವೆ, ಖಾಲಿ ಜಾಗದಿಂದ. ಅಲ್ಲಿ ಒಬ್ಬರು ನಿಂತು, ಸೊಂಟದ ಮೇಲೆ ಕೈ ಇಟ್ಕೊಂಡು ನನ್ನನ್ನೇ ಕೇಳಿದ ಹಾಗೆ. ಅದು ಅವರೇ. ಅವರದೇ ದನಿ. ಯಾವ ಅನುಮಾನಾನೂ ಇಲ್ಲ.

"ಆಸಿಮ್ ಆಮೇಲೆ ಬಿಡಿಸಿ ಹೇಳ್ದ. ಒಂದೊಂದು ಪೆಟ್ಟಿಗೆಗೂ ಎರಡೆರಡು ವೈರು. ಒಂದು ಪೆಟ್ಟಿಗೇಲಿ ಅದು ಅದಲು ಬದಲಾದ್ರೆ, ಒಂದು ಉಸಿರು ಬಿಡುವಾಗ ಇನ್ನೊಂದು ಉಸಿರು ಎಳ್ಕೊಳ್ಳುತ್ತಂತೆ. ಒಂದು ಮಂಚ ಎತ್ತಿದ ಇಬ್ಬರಲ್ಲಿ ಒಬ್ಬ ಮುಂದಕ್ಕೆ, ಒಬ್ಬ ಹಿಂದಕ್ಕೆ ಎಳೆದ ಹಾಗೆ. ನಡುವೆ ನಿಲ್ಬೇಕಾದ ದನಿ ನಿಲ್ಲೋದೇ ಇಲ್ಲ. ಅಂಗಡಿ ತೆಗೆಯೋ ಗಡಿಬಿಡೀಲಿ ಅವನೇ ಉಲ್ಟಾ ಹಾಕಿದ್ನಂತೆ. ನಾನು ಮರ್ತಿರ್ಲಿಲ್ಲ ಬೇಟಿ. ನನ್ನ ಕಿವಿ ಸರಿಯಾಗೇ ಇತ್ತು. ಆದ್ರೆ ನಾನು ಕೆಳಗಿದ್ದಾಗ ಆ ವೈರು ಬಿಚ್ಚಿ ಸರಿ ಮಾಡಿದ್ದು ಯಾರು, ಹೇಳು?

"ಅವರ ಲೋಟದ ಚಾಯ್ ಖಾಲಿಯಾಗಿತ್ತಾ ಅಂತ ಕೇಳ್ಬೇಡ. ಅಷ್ಟೊಂದು ಸುಳ್ಳು ನಾನು ಹೇಳಲ್ಲ. ಸ್ಟೂಲ್ ಪಕ್ಕ ಇಟ್ಟಿದ್ದೆ, ಆರಿಹೋಯ್ತು ಅಷ್ಟೇ."

ಅಜ್ಜಿ ನಕ್ಕಳು. ಈರೇಶನೂ ನಕ್ಕ, ಆದರೆ ಕುರ್ಚಿಯನ್ನು ಹೆಂಡತಿಯ ಹತ್ತಿರಕ್ಕೆ ಎಳೆದುಕೊಂಡ. ಆಗಲೇ ಬೆನ್ನ ಹಿಂದೆ ಟಕ್ ಎಂದು ಏನೋ ಕುಟ್ಟಿದಂತಾಯಿತು. ಮಳೆಯ ಹನಿಯೋ, ಮರ ಬಿರಿದ ಸದ್ದೋ ಎಂದು ರಾಜೇಶ್ವರಿ ಯೋಚಿಸುವಷ್ಟರಲ್ಲಿ ಟ್ಯೂಬ್‌ಲೈಟು ಮಿನುಗಿ ಹತ್ತಿಕೊಂಡಿತು.

"ಕರೆಂಟು ಬಂತು," ಎಂದಳು ಅಜ್ಜಿ. "ಈರೇಶಪ್ಪ, ಕೂತಲ್ಲಿಂದಲೇ ಫೋನ್ ಒತ್ತು. ವೈರು ಹಳೇ ಸೆಟ್ಟಿಗೇ ಇದೆ. ಬೇಟಿ, ನೀನು ತಿರುಗ್ಬೇಡ."

ಈರೇಶ ಒತ್ತಿದ.

ದನಿ ಬಂತು. ಚೆದುರಲಿಲ್ಲ, ಗೋಡೆಗೆ ಬಡಿಯಲಿಲ್ಲ. ರಾಜೇಶ್ವರಿಯ ಬೆನ್ನ ಹಿಂದೆ, ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಬಂದು ನಿಂತಿತು. ಅಂಗಳದಲ್ಲಿ ಹಿಂದೆ ಕೂತು ಎಣ್ಣೆ ಹಚ್ಚಿ ಜಡೆ ಹಾಕುವಾಗ ಅವ್ವ ಹಾಡುತ್ತಿದ್ದದ್ದೂ ಅಷ್ಟೇ ಹತ್ತಿರದಿಂದ, ಅಷ್ಟೇ ಎತ್ತರದಿಂದ. ಸಾಲಿನ ಕೊನೆಗೆ ಕೊಂಚ ಒಡೆಯುವ ಆ ಗಂಟಲು, ಉಸಿರು ಎಳೆದುಕೊಳ್ಳುವಾಗ ಮೂಗುತಿಯ ಹತ್ತಿರ ಆಗುವ ಆ ಸಣ್ಣ ಸದ್ದು, ಎಲ್ಲವೂ ಇತ್ತು. ನೆತ್ತಿಯ ಮೇಲೆ ಬಾಚಣಿಗೆ ಆಡಿದಂತೆ ಅವಳ ಮೈ ನವಿರೆದ್ದಿತು.

"ಅವ್ವ," ಎಂದಳು.

ಜೋಗುಳ ಮುಗಿಯಿತು. ಫೋನಿನಲ್ಲಿ ಪ್ರತಿ ಸಲ ಆಮೇಲೆ ಬರುತ್ತಿದ್ದದ್ದು ಬರೀ ಗೊರ ಗೊರ. ಅದನ್ನು ಅವರು ಗಾಳಿಯ ಸದ್ದು ಎಂದುಕೊಂಡಿದ್ದರು. ಈಗ ಅದು ಮಾತಾಗಿತ್ತು. ಕೂಸು ಏಳದಿರಲೆಂದು ಹುಸೇನಮ್ಮ ತಗ್ಗಿದ ದನಿಯಲ್ಲಿ ಆಡಿದ ಮಾತು.

"ಯಾಕವ್ವ ರಾಜಿ, ಹಂಗ ನೋಡ್ತಿ? ನಿನ್ನ ಕೂಸಿಗೂ ನಾನಽ ಹಾಡ್ತೀನಿ ಬಿಡು."

ರಾಜೇಶ್ವರಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅತ್ತಳು. ಇಷ್ಟು ದಿನ ಅವಳನ್ನು ತಿನ್ನುತ್ತಿದ್ದ ಭಯವೆಲ್ಲ ಆ ಅಳುವಿನಲ್ಲಿ ಹರಿದುಹೋಯಿತು. ನಾನು ಮರೆತಿರಲಿಲ್ಲ, ಅವ್ವನೂ ಹೋಗಿರಲಿಲ್ಲ ಎನ್ನಿಸಿ ಹಗುರಾದಳು. ಈರೇಶ ಅವಳ ಬೆನ್ನ ಮೇಲೆ ಕೈಯಿಟ್ಟ. ಅವನ ಕಣ್ಣೂ ಒದ್ದೆಯಾಗಿತ್ತು.

ಮೆಟ್ಟಿಲ ಮೇಲೆ ಧಡಧಡ ಸದ್ದು ಮಾಡುತ್ತ ಆಸಿಮ್ ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಕೈಯಲ್ಲಿ ಸ್ಕ್ರೂ ಡ್ರೈವರು.

"ಸಾರಿ ಕಣಮ್ಮ, ಈಗ ಹೊಳೀತು. ಬೆಳಿಗ್ಗೆ ಇಲ್ಲಿ ಸೋರ್ತಿದೆ ಅಂತ ಹಳೇ ಪೆಟ್ಟಿಗೆ ಸರಿಸಿದ್ದೆ. ಎಡಗಡೆ ವೈರ್ ಉಲ್ಟಾ ಹಾಕ್ಬಿಟ್ಟಿದೀನಿ. ಅದಕ್ಕೇ ನಿಮಗೆ ದನಿ ಸರಿಯಾಗಿ ಬಂದಿಲ್ಲ. ಒಂದ್ನಿಮಿಷ, ಸರಿ ಮಾಡ್ತೀನಿ."

ಪೆಟ್ಟಿಗೆಯ ಹಿಂದೆ ಬಗ್ಗಿದವನು ಹಾಗೆಯೇ ಉಳಿದ. ಎಡಗಡೆಯ ವೈರು ಆಗಲೇ ಸರಿಯಾಗಿ ಕೂತಿತ್ತು. ಆಮೇಲೆ ಮೆಲ್ಲಗೆ ಎದ್ದು ಹೊಸ ಸೆಟ್ಟಿನ ಕಡೆ ನೋಡಿದ. ಅವನು ಏರಿಸಿಟ್ಟಿದ್ದ ತಿರುಗಣೆ ಇಳಿದಿತ್ತು.

"ಅಮ್ಮೀ," ಎಂದ. "ಇಲ್ಲಿಗೆ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ ಈ ಮಳೇಲಿ?" ಎಂದಳು ನೂರುನ್ನೀಸಾ. "ನಾವು ಮೂವರೂ ಕೂತಲ್ಲೇ ಕೂತಿದೀವಿ."

ಆಸಿಮ್ ಸ್ಕ್ರೂ ಡ್ರೈವರನ್ನು ಜೇಬಿಗೆ ಹಾಕಿಕೊಂಡು, ಹಳೆಯ ಸೆಟ್ಟನ್ನು ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತತೊಡಗಿದ. ಇದರಲ್ಲಿ ಲೈಟಿಲ್ಲ ಎಂದು ಈರೇಶ ಗೊಣಗಲಿಲ್ಲ. ವೈರು ಹಾಕುವುದು ಹೇಗೆಂದು ಮಾತ್ರ ಆಸಿಮ್‌ನನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡ.

ಮಳೆ ತಗ್ಗಿತ್ತು. ಗಂಡಸರಿಬ್ಬರೂ ಒಂದೊಂದು ಪೆಟ್ಟಿಗೆ ಹೊತ್ತು ಕೆಳಗಿಳಿದರು. ಹೊರಡುವ ಮುಂಚೆ ರಾಜೇಶ್ವರಿ ಮೊದಲ ಸಲ ಹಿಂದಕ್ಕೆ ತಿರುಗಿದಳು. ಸ್ಟೂಲು ಖಾಲಿಯಾಗಿತ್ತು. ಏನು ಹೇಳಬೇಕೆಂದು ತಿಳಿಯದೆ, ಎಲ್ಲಿ ನೋಡಬೇಕೆಂದೂ ತಿಳಿಯದೆ, ಕೈ ಮುಗಿದು ದನಿ ಎತ್ತಿ ಹೇಳಿದಳು.

"ಭಾಳ ಉಪಕಾರ ಆತ್ರಿ ಸಾಬ್ರ. ಕೂಸು ಹುಟ್ಟಿದ ಮ್ಯಾಲ ಕರ್ಕೊಂಡು ಬರ್ತೀನಿ."

ನೂರುನ್ನೀಸಾ ಅವಳ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಕಣ್ಣು ರಾಜೇಶ್ವರಿಯ ಪಕ್ಕಕ್ಕೆ, ಅವಳ ಎಡ ಹೆಗಲಿನ ಮೇಲಕ್ಕೆ ಹೋಗಿ ನಿಂತಿತು.

"ಮೆಲ್ಲಗೆ ಬೇಟಿ," ಎಂದಳು. "ಇಷ್ಟು ಹತ್ರ ನಿಂತಿದ್ದಾರೆ. ಜೋರಾಗಿ ಮಾತಾಡಿದ್ರೆ ಅವರಿಗೆ ಆಗಲ್ಲ."