ಸ್ವರವಿಲ್ಲದ ಹಾರ್ಮೋನಿಯಂ

ಈ ಸಭೆಯ ಅಧ್ಯಕ್ಷರೂ ನಮ್ಮ ಕುಕ್ ಟೌನ್ ಸ್ಟುಡಿಯೋದ ಮಾಲೀಕರೂ ಆದ ಅಕ್ತರ್ ಸಾಹೇಬರೇ, ಆ ಮಾಲೀಕರಿಗೂ ಮಾಲೀಕರಾದ ಶಮೀಮ್ ಮೇಡಂ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ಕೂತ ಗಣ್ಯರೇ, ಬಿರಿಯಾನಿಯ ವಾಸನೆ ಬಂದರೂ ಎದ್ದು ಹೋಗದ ನನ್ನ ಪ್ರೀತಿಯ ಸಭಿಕರೇ,

ವಾರ್ಷಿಕೋತ್ಸವದಲ್ಲಿ ಮುನಿಆಂಜನಪ್ಪನೂ ಎರಡು ಮಾತಾಡಲಿ ಅಂದರು. ಎರಡೇ ಮಾತಾಡುವವರು ನಮ್ಮ ಗರುಡಾಚಾರ್‌ಪಾಳ್ಯದಲ್ಲಿ ಹುಟ್ಟುವುದಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಅದಕ್ಕಿಂತ ಹೆಚ್ಚು ನನ್ನನ್ನು ತಡೆದುಕೊಳ್ಳುವ ಶಕ್ತಿ ಆ ಸ್ಕೂಲಿಗೆ ಇರಲಿಲ್ಲ, ಬಿಡಿ. ಆದರೆ ದೆವ್ವದ ಸಿನಿಮಾ ನೋಡಿ ಬೆಚ್ಚಿದವರನ್ನು ನಿಲ್ಲಿಸಿ ಕೇಳಿ, ಅರ್ಧ ಜನ ನನ್ನ ಕೈ ಮಾಡಿದ ಸದ್ದಿಗೆ ಬೆಚ್ಚಿದವರು. ಬಾಗಿಲು ಕಿರುಗುಟ್ಟಿತೇ? ಅದು ನಮ್ಮಪ್ಪನ ಗಾಡಿಯ ಅಚ್ಚು. ಮೂಳೆ ಲಟಕ್ಕೆಂದಿತೇ? ಅದು ರಸೆಲ್ ಮಾರುಕಟ್ಟೆಯ ಮೂಲಂಗಿ. ಮುರಿದಾದ ಮೇಲೆ ಸಾರಿಗೂ ಆಗುತ್ತದೆ.

ಈ ಸಾಮಾನೆಲ್ಲ ಇರುವ ನನ್ನ ಕೋಣೆಯನ್ನು ಸೋಮವಾರ ಖಾಲಿ ಮಾಡಿಸಿ ಕಂಪ್ಯೂಟರ್ ಇಡುತ್ತೇವೆ ಎಂದು ಸಾಹೇಬರು ಈಗಷ್ಟೇ ಇದೇ ಮೈಕಿನಲ್ಲಿ ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ನನ್ನದೇ ಜೋರಾಗಿತ್ತು. ಏನು ಮಾಡಲಿ, ಕಸುಬು.

ತೊಂಬತ್ತೆಂಟರಲ್ಲಿ ನಮ್ಮಲ್ಲಿಗೆ ಬಾವಿ ದೆವ್ವದ ಸಿನಿಮಾ ಒಂದು ಬಂತು. ಹುಡುಗಿ ಬಾವಿಗೆ ಬಗ್ಗುವ ಕಡೆ ಪಿಟೀಲು, ಡೋಲು, ತುತ್ತೂರಿ, ಮದುವೆ ದಿಬ್ಬಣವೇ ಹೊರಟಿತ್ತು. ಹಲಸೂರಿನಲ್ಲಿ ಮೊದಲ ಸಲ ತೋರಿಸಿದಾಗ ಜನ ನಕ್ಕರು. ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಹೇಳಿದೆ, “ಸಾರ್, ದೆವ್ವ ಬರ್ತಿದೆ, ದೆವ್ವ ಬರ್ತಿದೆ ಅಂತ ನಿಮ್ ಮ್ಯೂಸಿಕ್ಕೇ ಬಸ್ ಕಂಡಕ್ಟರ್ ಥರ ಕೂಗ್ತಾ ಇದೆ. ಇನ್ನು ಯಾರ್ ಹೆದರ್ತಾರೆ?”

“ಹಂಗಾದ್ರೆ ನೀನೇ ಹೆದರ್ಸು ಗುರು, ನೋಡೇಬಿಡೋಣ” ಅಂದರು.

ಶಿವಾಜಿನಗರದಲ್ಲಿ ವಾದ್ಯ ರಿಪೇರಿ ಮಾಡುವ ಸನಾವುಲ್ಲಾನ ಅಂಗಡಿಗೆ ಹೋದೆ. ಮೂಲೆಯಲ್ಲಿ ಒಂದು ಹಾರ್ಮೋನಿಯಂ ಬಿದ್ದಿತ್ತು. ಅದರ ಸ್ವರದ ಪಟ್ಟಿಗಳನ್ನೆಲ್ಲ ಕಿತ್ತು ಬೇರೆ ಪೆಟ್ಟಿಗೆಗೆ ಹಾಕಿಬಿಟ್ಟಿದ್ದ.

“ಮುನಿಭಾಯ್, ಅದ್ರಲ್ಲಿ ಹವಾ ಬಿಟ್ರೆ ಏನೂ ಇಲ್ಲ.”

“ನಂಗೆ ಹವಾನೇ ಬೇಕು ಭಾಯ್.”

ದಿಬ್ಬಣವನ್ನೆಲ್ಲ ತೆಗೆಸಿದೆ. ಹುಡುಗಿ ಬಾವಿಗೆ ಬಗ್ಗಿದಳು. ತಿದಿ ಒತ್ತಿದೆ, ಹುಸ್ ಎಂದಿತು. ನಿಲ್ಲಿಸಿದೆ. ಕಾಯಿಸಿದೆ. ಮತ್ತೆ ಒತ್ತಿದೆ. ಅಷ್ಟೇ.

ಎರಡನೇ ಸಲ ತೋರಿಸಿದಾಗ ಕತ್ತಲೆಯಲ್ಲಿ ಶಮೀಮ್ ಮೇಡಂ ಎದ್ದು ನಿಂತು ಕೂಗಿದರು: “ಅರೆ, ಕಿಸೀಕು ದಮ್ ಚಡ್ರಾ! ಪಾನಿ ಲಾವ್! ಲೈಟ್ ಹಾಕ್ರೀ, ಯಾರಿಗೋ ಉಸಿರು ಕಟ್ಟಿದೆ!” ಲೈಟು ಹತ್ತಿದಾಗ ಒಬ್ಬರಾದರೂ ಪರದೆ ನೋಡುತ್ತಿರಲಿಲ್ಲ. ಎಲ್ಲರೂ ಪಕ್ಕದವರ ಮುಖ ನೋಡುತ್ತಿದ್ದರು. ಸಾಹೇಬರು ಎಲ್ಲಿದ್ದರು? ಮೇಡಂ ಕುರ್ಚಿಯ ಹಿಂದೆ. ಇಲ್ಲ ಅನ್ನಲಿ ನೋಡೋಣ!

ಇದನ್ನು ಎಲ್ಲಿ ಕಲಿತೆ ಅಂತ ಕೇಳುತ್ತಾರೆ. ನಮ್ಮಮ್ಮ ಬೈರಮ್ಮನಿಗೆ ಉಬ್ಬಸ. ನಾನು ಸ್ಕೂಲಿಂದ ಬಂದು ಜಗುಲಿಯ ಮೇಲೆ ಲೆಕ್ಕ ಮಾಡುತ್ತಿದ್ದೆ, ಒಳಗೆ ಅವಳ ಉಸಿರು. ಎಷ್ಟೇ ಕೆಟ್ಟದಾಗಿ ಎಳೆಯಲಿ, ಕೇಳುತ್ತಿರುವ ತನಕ ಭಯವಿಲ್ಲ. ನಿಂತರೆ ಭಯ. ಪೆನ್ಸಿಲ್ ಎತ್ತಿ ಹಿಡಿದು ಕಾಯುವುದು. ಬಂತೇ? ಸರಿ, ಮುಂದಿನ ಲೆಕ್ಕ. ಏಳನೇ ಕ್ಲಾಸಿನಲ್ಲಿ ಒಂದು ಲೆಕ್ಕ ಹಾಗೇ ಉಳಿಯಿತು. ಮಾರನೆಯ ದಿನದಿಂದ ನಾನು ಸ್ಕೂಲಿಗೆ... ಇರಲಿ. ಯಾರಾದರೂ ಸ್ವಲ್ಪ ನೀರು ಕೊಡಿ.

ಹಾಂ. ನಮ್ಮ ಕಂಪ್ಯೂಟರ್ ಇಂಜಿನಿಯರ್ ಸುನಿಲ್ ಜಾಣ. ನನ್ನ ಸದ್ದುಗಳನ್ನೆಲ್ಲ ಸೀಡಿಗೆ ತುಂಬಿದ್ದಾನೆ, ಸೊಗಸಾಗಿ ತುಂಬಿದ್ದಾನೆ. ಬಾಗಿಲು ತಗೊಳ್ಳಿ, ಮೂಳೆ ತಗೊಳ್ಳಿ, ಕಂಪ್ಯೂಟರನ್ನೂ ಇಡಿ, ಪಕ್ಕದಲ್ಲಿ ಜಾಗ ಮಾಡಿಕೊಡುತ್ತೇನೆ. ಆದರೆ ಮುಂದಿನ ಉಸಿರು ಯಾವಾಗ ಅಂತ ಸೀಡಿಗೆ ಗೊತ್ತು. ನನ್ನ ಕೈಗೆ ಗೊತ್ತಿಲ್ಲ. ಗೊತ್ತಿಲ್ಲದ ಕೈಯೇ ಅಲ್ಲವೇ ಹೆದರಿಸುವುದು?

ಇಲ್ಲಿದೆ ನೋಡಿ ಆ ಹಾರ್ಮೋನಿಯಂ, ಶಾಲಿನ ಕೆಳಗೆ ಬಚ್ಚಿಟ್ಟು ತಂದಿದ್ದೇನೆ. ಸುನಿಲ್, ಫ್ಯಾನ್ ಆರಿಸು ಮಗಾ.

ಹುಸ್...

ಈಗ ಯಾರೂ ಕೆಮ್ಮುತ್ತಿಲ್ಲ. ಬಿರಿಯಾನಿ ಮರೆತೇ ಹೋಯಿತು. ಅಧ್ಯಕ್ಷರೇ, ಕುರ್ಚಿಯ ಕೈ ಅಷ್ಟು ಬಿಗಿಯಾಗಿ ಹಿಡಿಯಬೇಡಿ, ಬಾಡಿಗೆಯದು. ಸೋಮವಾರದ ಮಾತು ವಾಪಸ್ ತಗೊಳ್ಳುವ ತನಕ ನಾನು ಮುಂದಿನ ಉಸಿರು ಒತ್ತುವುದಿಲ್ಲ. ಕಾಯುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ.

ತಲೆ ಆಡಿಸಿದಿರಾ? ಮೇಡಂ, ನೀವು ನೋಡಿದಿರಿ ತಾನೆ? ನೀವೇ ಸಾಕ್ಷಿ.

ಹುಸ್...

ಬಿಡಿ, ಎಲ್ಲರೂ ಉಸಿರು ಬಿಡಿ. ಬಂತಲ್ಲ. ಈ ಸಲ ಬಂತು.

ಪೆಟ್ಟಿಗೆ ಕೊಟ್ಟ ಸನಾವುಲ್ಲಾನಿಗೆ, ತಲೆ ಆಡಿಸಿದ ಸಾಹೇಬರಿಗೆ, ಜಗುಲಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದವಳಿಗೆ, ಕಿವಿ ಕೊಟ್ಟ ನಿಮಗೆಲ್ಲ ನನ್ನ ವಂದನೆಗಳು. ಸುನಿಲ್, ಫ್ಯಾನ್ ಹಾಕಪ್ಪ. ನಮಸ್ಕಾರ.